ಹೊಸ ತೆನೆ ಎಲ್ಲಿಂದ ಬಂದೀತು?

ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು ಆಶೀರ್ವದಿತ ತೆನೆಯನ್ನು ಮನೆಗೆ ತಂದು, ಹೊಸ ಅಕ್ಕಿಯನ್ನು ಹಾಲಿನಲ್ಲಿ ಬೆರೆಸಿ ಸವಿಯುವ ಭಾಗ್ಯ ಕರಾವಳಿಯ ಕಥೋಲಿಕರಾದ ನಮ್ಮದು. ಆ ದಿನಕ್ಕೆ ತೆನೆ ಬಲಿಯಬೇಕಾದರೆ ಏಣಿಲು ಬೆಳೆಗೆ ಮಳೆ ಸಕಾಲದಲ್ಲಿ ಬರಬೇಕು. ಆದರೆ 2023ರಲ್ಲಿ ಜೂನ್ 8ರಂದು ಕೇರಳವನ್ನು ಮುಟ್ಟಿದ ಮುಂಗಾರು, 2025ರಲ್ಲಿ ಮೇ 24ರಂದೇ ಮುಟ್ಟಿತು. ಭೂಮಿ ಕಾದಂತೆ ಮಳೆಯ ಏರುಪೇರು ಇನ್ನೂ ಹೆಚ್ಚುವುದೆಂದು ವಿಜ್ಞಾನಿಗಳು ಎಚ್ಚರಿಸುತ್ತಾರೆ. ಹಬ್ಬದ ದಿನ ನಿಶ್ಚಿತ. ಮಳೆಯ ದಿನ ಅನಿಶ್ಚಿತ.

ನಮ್ಮ ಮೊಮ್ಮಕ್ಕಳು ಪರವೂರಿನಿಂದ ಲಾರಿಯಲ್ಲಿ ಬಂದ ತೆನೆಯನ್ನು ಹಿಡಿದು ಮೆರವಣಿಗೆಯಲ್ಲಿ ನಡೆಯಬೇಕೆ? 2015ರ ವಿಶ್ವಪರಿಪತ್ರದಲ್ಲಿ ಪೋಪ್ ಫ್ರಾನ್ಸಿಸರು ಭೂಮಿಯನ್ನು ನಮ್ಮೆಲ್ಲರ ಮನೆಯೆಂದು ಕರೆದರು. ಆ ಮನೆಯ ಕಾಳಜಿ ನಮ್ಮೂರಿನಲ್ಲೇ ಆರಂಭವಾಗಲಿ. ಪ್ರತಿ ಧರ್ಮಕೇಂದ್ರವೂ ಹಡಿಲು ಬಿದ್ದ ಒಂದು ಗದ್ದೆಯನ್ನಾದರೂ ಉಳಲಿ. ಅಲ್ಲಿ ನಿಂತ ಮಳೆನೀರು ಬಾವಿಗಳನ್ನೂ ತಣಿಸೀತು. ನಾವು ಬಿತ್ತಿದರೆ ತಾನೇ ಆಶೀರ್ವಾದಕ್ಕೆ ತೆನೆ?