ಆರೋಗ್ಯ ಅಂಗಳ: ‘ಊರಿಗೆ ಹೋದಾಗ ತೋರಿಸೋಣ’ ಎನ್ನುವ ಮುನ್ನ



ಮೈದಾನ್ ಹವಲ್ಲಿಯ ನಮ್ಮ ಮನೆಗಳಲ್ಲಿ ಹಲ್ಲುನೋವು, ಬೆನ್ನುನೋವು ಏನೇ ಬರಲಿ, “ರಜೆಗೆ ಊರಿಗೆ ಹೋದಾಗ ತೋರಿಸೋಣ” ಎನ್ನುವುದು ರೂಢಿ. ಹಾಗೆ ಮುಂದೂಡಬಾರದ ಒಂದು ಕಾಯಿಲೆ ಬೆನ್ನುಹುರಿಯ ಗಡ್ಡೆ.

ಮಕ್ಕಳೇ, ಬೆನ್ನುಮೂಳೆಗಳ ನಡುವಿನ ಕೊಳವೆಯಲ್ಲಿ ಬೆನ್ನುಹುರಿ ಇದೆ. ದೊಡ್ಡವರಲ್ಲಿ ಅದರ ಉದ್ದ ಸುಮಾರು 45 ಸೆಂ.ಮೀ. ಮಿದುಳಿನ ಸಂದೇಶ ಕೈಕಾಲಿಗೆ ತಲುಪುವುದು ಅದರ ಮೂಲಕವೇ. ಅಲ್ಲೇ ಹುಟ್ಟುವ ಗಡ್ಡೆಗಳು ಅಪರೂಪ. ಹಲವು ಕ್ಯಾನ್ಸರ್ ಅಲ್ಲ. ಆದರೆ ಜಾಗ ಇಕ್ಕಟ್ಟಾದ್ದರಿಂದ ಸಣ್ಣ ಗಡ್ಡೆಯೂ ಹುರಿಯನ್ನು ಒತ್ತುತ್ತದೆ.

ಶಾಲೆಯ ಬ್ಯಾಗಿನ ಭಾರದಿಂದ ಬಂದ ನೋವು ಸಾಮಾನ್ಯವಾಗಿ ವಿಶ್ರಾಂತಿಯಿಂದ ತಗ್ಗುತ್ತದೆ. ಗಡ್ಡೆಯ ನೋವು ಮಲಗಿದಾಗ ಹೆಚ್ಚಿ, ನಿದ್ದೆಯಿಂದ ಎಬ್ಬಿಸಬಹುದು. ಮಗು ಪದೇ ಪದೇ ಎಡವುವುದು, ಕೈಕಾಲಿನಲ್ಲಿ ಬಲ ಕುಂದುವುದು ಅಥವಾ ಜೋಮು ನಿಲ್ಲದಿರುವುದು, ಬೆನ್ನು ಒಂದು ಕಡೆಗೆ ವಾಲುವುದು, ಮೂತ್ರದ ಹಿಡಿತ ತಪ್ಪುವುದು ಕೂಡ ಎಚ್ಚರಿಕೆಯ ಸೂಚನೆಗಳು.

ಎಕ್ಸ್-ರೇಯಲ್ಲಿ ಬೆನ್ನುಹುರಿ ಕಾಣುವುದಿಲ್ಲ, ಎಂ.ಆರ್.ಐ. ಬೇಕು. ಗಡ್ಡೆ ಸ್ಪಷ್ಟವಾಗಿ ಕಾಣಲು ಗ್ಯಾಡೊಲಿನಿಯಂ ಚುಚ್ಚುಮದ್ದು ಕೊಡುತ್ತಾರೆ. ಯಂತ್ರದ ಸದ್ದು ಜೋರು, ಆದರೆ ನೋವಿಲ್ಲ. ಗಡ್ಡೆಯ ಜಾತಿ ಖಚಿತವಾಗುವುದು ಅದರ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ. ಹುರಿಯೊಳಗಿನ ಗಡ್ಡೆಗಳಲ್ಲಿ ಮಕ್ಕಳಿಗೆ ಹೆಚ್ಚಾಗಿ ಬರುವುದು ಆಸ್ಟ್ರೋಸೈಟೋಮಾ, ದೊಡ್ಡವರಿಗೆ ಎಪೆಂಡಿಮೋಮಾ.

ಮುಖ್ಯ ಚಿಕಿತ್ಸೆ ಶಸ್ತ್ರಚಿಕಿತ್ಸೆ. 1887ರಲ್ಲಿ ಲಂಡನ್ನಿನಲ್ಲಿ ವಿಕ್ಟರ್ ಹಾರ್ಸ್ಲಿ ಇಂಥ ಗಡ್ಡೆ ತೆಗೆದಾಗ ಎಂ.ಆರ್.ಐ. ಇರಲಿಲ್ಲ. ವಿಲಿಯಂ ಗೋವರ್ಸ್ ರೋಗಿಯನ್ನು ಪರೀಕ್ಷಿಸಿಯೇ ಗಡ್ಡೆಯನ್ನು ಪತ್ತೆಹಚ್ಚಿದ್ದರು; ಕಾಲಿನ ಬಲ ಕಳೆದುಕೊಂಡಿದ್ದ ಆ ರೋಗಿ ಮತ್ತೆ ನಡೆದರು. ಇಂದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾ, ನರಗಳ ಸಂದೇಶಗಳನ್ನು ಗಮನಿಸುತ್ತಾ ಗಡ್ಡೆ ತೆಗೆಯುತ್ತಾರೆ. ಪೂರ್ತಿ ತೆಗೆಯಲಾಗದಿದ್ದರೆ ಅಥವಾ ಕ್ಯಾನ್ಸರ್ ಆಗಿದ್ದರೆ ವಿಕಿರಣ, ಕೆಲವೊಮ್ಮೆ ಕೀಮೋಥೆರಪಿ ಬೇಕಾಗಬಹುದು. ಬಳಿಕ ಫಿಸಿಯೋಥೆರಪಿ.

ಶಸ್ತ್ರಚಿಕಿತ್ಸೆಗೆ ಮುಂಚೆ ಕಾಲಿನ ಬಲ ಎಷ್ಟು ಉಳಿದಿತ್ತೋ, ಆಮೇಲಿನ ಚೇತರಿಕೆ ಬಹುಮಟ್ಟಿಗೆ ಅದನ್ನೇ ಅವಲಂಬಿಸಿದೆ. ಆದ್ದರಿಂದಲೇ ಜೂನ್‌ವರೆಗೆ ಕಾಯಬಾರದು.

ಸಿವಿಲ್ ಐಡಿ ಹಿಡಿದು ನಿಮ್ಮ ಪ್ರದೇಶದ ಕ್ಲಿನಿಕ್‌ಗೆ ಹೋಗಿ, ಸೂಚನೆಗಳನ್ನು ಸ್ಪಷ್ಟವಾಗಿ ಹೇಳಿ. ಕಾಲು ಬಲಹೀನವಾದರೆ ಅಥವಾ ಮೂತ್ರ ಕಟ್ಟಿದರೆ ಅಂದೇ ತುರ್ತು ವಿಭಾಗಕ್ಕೆ ಹೋಗಿ. ನಮಗೆ ಜಾಬ್ರಿಯಾದ ಮುಬಾರಕ್ ಅಲ್-ಕಬೀರ್ ಆಸ್ಪತ್ರೆ ಇದೆ. ಊರಿನಲ್ಲೇ ಚಿಕಿತ್ಸೆ ಬೇಕೆಂದರೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಆದರೆ ಮೊದಲ ಪರೀಕ್ಷೆ ಇಲ್ಲೇ ಆಗಲಿ. ಪ್ರಯಾಣ ಮಾಡಬಹುದೇ ಎಂದು ವೈದ್ಯರನ್ನು ಕೇಳಿ, ಎಂ.ಆರ್.ಐ. ಸಿ.ಡಿ. ಜೊತೆಗೆ ಒಯ್ಯಿರಿ.

ಮಕ್ಕಳೇ, ರಾತ್ರಿ ಬೆನ್ನು ನೋಯುತ್ತಿದ್ದರೆ ಸುಮ್ಮನಿರಬೇಡಿ. ಅಮ್ಮ ಅಪ್ಪನನ್ನು ಎಬ್ಬಿಸಿ ಹೇಳಿ.