ಕೆಸರಲ್ಲಿ ನಿಂತು ಬಾಯಾರಿದ ಸೆನ್ಸರ್

ರೆಡಿಮೇಡ್ ಪ್ರಾಜೆಕ್ಟು ರಿಪೋರ್ಟ್ ಸಮೇತ ದುಡ್ಡಿಗೆ ಸಿಗ್ತಿದ್ದ ಕಾಲದಲ್ಲಿ ನಾನು ಫೈನಲ್ ಇಯರ್ ಕಂಪ್ಯೂಟರ್ ಸೈನ್ಸ್‌. ನಂಗೆ ಮಾತ್ರ ಸ್ವಂತದ್ದೇ ಆಗ್ಬೇಕು ಅನ್ನೋ ಹುರುಪು. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಒಂದು ಆರ್ಡಿನೋ ಊನೋ, ಒಂದು ರಿಲೇ, ಮಣ್ಣಿನ ತೇವ ಅಳೆಯೋ ಸೆನ್ಸರ್ ತಂದೆ.

ಸೆನ್ಸರ್ ಅಂದ್ರೆ ಫೋರ್ಕ್ ಥರ ಎರಡು ಕಾಲು, ಅಷ್ಟೇ. ಮಣ್ಣು ಒದ್ದೆಯಿದ್ರೆ ಕಾಲುಗಳ ಮಧ್ಯೆ ಕರೆಂಟ್ ಸಲೀಸಾಗಿ ಹರಿಯುತ್ತೆ, ಒಣಗಿದ್ರೆ ಇಲ್ಲ. ಆರ್ಡಿನೋ ಅದನ್ನ 0ಯಿಂದ 1023ರೊಳಗಿನ ಒಂದು ಸಂಖ್ಯೆಯಾಗಿ ಓದುತ್ತೆ. ಸಂಖ್ಯೆ ಏರಿದ್ರೆ ಒಣಗಿದೆ ಅಂತ, ಮೋಟಾರ್ ಆನ್.

ಲ್ಯಾಬಲ್ಲಿ ಹೂಕುಂಡ ಇಟ್ಟು ತೋರಿಸಿದಾಗ ಚಪ್ಪಾಳೆ, ಒಳ್ಳೇ ಮಾರ್ಕ್ಸು. ಅಲ್ಲಿಗೇ ಬಿಡಬಹುದಿತ್ತು. ರಜೆಗೆ ಸಾಗರದ ಹತ್ತಿರದ ನಮ್ಮೂರಿಗೆ ಹೋದವನು ಅದನ್ನೇ ಅಪ್ಪನ ತರಕಾರಿ ಮಡಿಗೆ ಹೂಡಿ, ಬಾವಿ ಮೋಟಾರಿನ ಸ್ಟಾರ್ಟರ್‌ಗೆ ಜೋಡಿಸಿ, "ಇನ್ಮೇಲೆ ನೀವು ಬೆಳಗ್ಗೆ ಎದ್ದು ನೀರು ಬಿಡೋದೇ ಬೇಡ" ಅಂತ ಹೇಳಿ ಬಸ್ ಹತ್ತಿದೆ.

ಮೂರನೇ ವಾರ ಅಮ್ಮನ ಫೋನು. ಏಪ್ರಿಲ್ ತಿಂಗಳು. ರಾತ್ರಿಯಿಡೀ ಮೋಟಾರ್ ಓಡಿ ಬಾವಿ ತಳ ಕಂಡಿತ್ತು. ನೀರಿಲ್ಲದೆ ಓಡಿದ ಮೋಟಾರೂ ಸುಟ್ಟುಹೋಗಿತ್ತು. ಬದನೆ ಗಿಡಗಳು ಕೆಸರಲ್ಲಿ ಮಲಗಿದ್ವು. ಒಂದು ವಾರ ಅಮ್ಮ ಪಕ್ಕದ ಮನೆಯಿಂದ ನೀರು ಹೊತ್ತರು.

ಅಪ್ಪ ಬೈಯಲಿಲ್ಲ. ಬೈದಿದ್ರೇ ವಾಸಿಯಿತ್ತು. ಸೆನ್ಸರನ್ನ ಪೇಪರಲ್ಲಿ ಸುತ್ತಿ ಎತ್ತಿಟ್ಟಿದ್ರು. ಬಿಚ್ಚಿ ನೋಡಿದ್ರೆ ಒಂದು ಕಾಲಿನ ತಾಮ್ರವೇ ಮಾಯ! ಒದ್ದೆ ಮಣ್ಣಲ್ಲಿ ಹಗಲೂ ರಾತ್ರಿ ಡಿ.ಸಿ. ಕರೆಂಟ್ ಹರಿಸಿದ್ರೆ ಎಲೆಕ್ಟ್ರಾಲಿಸಿಸ್ ಆಗಿ ಲೋಹ ಕರಗುತ್ತೆ. ಪಿಯುಸಿ ಕೆಮಿಸ್ಟ್ರಿಯಲ್ಲಿ ಬಾಯಿಪಾಠ ಮಾಡಿದ್ದೇ. ತಾಮ್ರ ಹೋದ ಮೇಲೆ ಎಷ್ಟು ನೀರು ಹರಿದ್ರೂ ಅದು ಹೇಳೋದು 1023 ಅಂತಲೇ. ನನ್ನ ಕೋಡಲ್ಲಿ ಒಂದು ಬಗ್ಗೂ ಇರ್ಲಿಲ್ಲ, ನೋಡಿ. ಸೆನ್ಸರ್ ಬಾಯಾರಿಕೆ ಅಂತು, ಕೋಡ್ ನಂಬಿ ನೀರು ಕೊಡ್ತಾ ಹೋಯ್ತು.

ಸರಿಪಡಿಸೋಕೆ ಬೇಕಾಗಿದ್ದು ಕೆಲವೇ ಸಾಲು. ಸೆನ್ಸರಿಗೆ ಅರ್ಧ ಗಂಟೆಗೊಮ್ಮೆ, ಓದೋ ಆ ಕ್ಷಣಕ್ಕೆ ಮಾತ್ರ ಕರೆಂಟ್. ಸೆನ್ಸರ್ ಏನೇ ಹೇಳಲಿ, ಮೋಟಾರ್ ಒಂದು ಸಲಕ್ಕೆ 15 ನಿಮಿಷದ ಮೇಲೆ ಓಡೋ ಹಾಗಿಲ್ಲ. ಆಮೇಲೆ ಲೋಹ ಮಣ್ಣಿಗೆ ತಾಗದ ಕೆಪ್ಯಾಸಿಟಿವ್ ಸೆನ್ಸರ್ ಹಾಕಿದೆ.

ಆದ್ರೂ ಎರಡು ವರ್ಷ ಅಪ್ಪ ಅದರ ಸ್ವಿಚ್ ಹಾಕೋಕೆ ಬಿಡಲಿಲ್ಲ. ಈಗ ಬಿಟ್ಟಿದ್ದಾರೆ, ಒಂದು ಷರತ್ತಿನ ಮೇಲೆ. ನಾನು ಊರಿಗೆ ಹೋದಾಗಲೆಲ್ಲ ಅವರು ಮಡಿಗೆ ಬೆರಳು ಚುಚ್ಚಿ "ಈಗ ನೀರು ಬೇಕು" ಅಂತಾರೆ. ಆ ಕ್ಷಣ ಲ್ಯಾಪ್‌ಟಾಪಲ್ಲಿ ಕಾಣೋ ಸಂಖ್ಯೆಯೇ ಮಿತಿ. ಕಳೆದ ಸಲ 472 ಬಂತು. ನಾನು 500 ಇಟ್ಟಿದ್ದೆ.