ಮೊದಲು ಪೆನ್ಸಿಲ್, ಆಮೇಲೆ ಮೊಬೈಲ್



ಇನ್ನೊಂದೆರಡು ವರ್ಷಗಳಲ್ಲಿ ನೀವು ಪ್ರೌಢಶಾಲೆಯ ಮೆಟ್ಟಿಲು ಹತ್ತುತ್ತೀರಿ. ಅಲ್ಲಿ ಬೀಜಗಣಿತ, ರೇಖಾಗಣಿತಗಳ ಹೊಸ ಪಾಠಗಳು ನಿಮಗಾಗಿ ಕಾದಿವೆ. ‘ಗಣಿತ ಕಷ್ಟವಾದರೇನು, ಮೊಬೈಲ್‌ನಲ್ಲಿ ವಿಡಿಯೊ ಇದೆಯಲ್ಲ’ ಎಂದು ಕೆಲವರು ನಿಶ್ಚಿಂತರಾಗಿರುತ್ತಾರೆ. ‘ನಮ್ಮ ಮನೆಯಲ್ಲಿ ಅಂಥ ಮೊಬೈಲ್ ಇಲ್ಲ, ಗಣಿತ ನಮ್ಮಿಂದಾಗದು’ ಎಂದು ಇನ್ನು ಕೆಲವರು ಕೈಚೆಲ್ಲುತ್ತಾರೆ. ಈ ಎರಡು ಮಾತುಗಳೂ ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ.

ವಿಡಿಯೊ ಪಾಠ ನೋಡುವಾಗ ಒಂದು ವಿಚಿತ್ರ ನಡೆಯುತ್ತದೆ. ಶಿಕ್ಷಕರು ಒಂದೊಂದೇ ಹಂತ ಬರೆಯುತ್ತಾ ಹೋದಂತೆ ನಾವು ತಲೆಯಾಡಿಸುತ್ತೇವೆ. ಎಲ್ಲವೂ ಅರ್ಥವಾದಂತೆ ತೋರುತ್ತದೆ. ಮರುದಿನ ಅದೇ ಲೆಕ್ಕವನ್ನು ಖಾಲಿ ಹಾಳೆಯಲ್ಲಿ ಮಾಡಹೊರಟರೆ ಎರಡನೆಯ ಸಾಲಿಗೇ ಪೆನ್ಸಿಲ್ ನಿಂತುಬಿಡುತ್ತದೆ. ಏಕೆ ಹೀಗೆ? ನೋಡುವಾಗ ಮುಂದಿನ ಹಂತ ಯಾವುದೆಂದು ಯೋಚಿಸಿದವರು ಶಿಕ್ಷಕರು, ನಾವಲ್ಲ. ದಡದಲ್ಲಿ ನಿಂತು ನೋಡಿದ ಮಾತ್ರಕ್ಕೆ ಈಜು ಬರುತ್ತದೆಯೇ?

ಇದನ್ನು ವಿಜ್ಞಾನಿಗಳು ಪ್ರಯೋಗ ಮಾಡಿಯೂ ನೋಡಿದ್ದಾರೆ. 2006ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ ಕಾಲೇಜು ವಿದ್ಯಾರ್ಥಿಗಳಿಗೆ ಓದಲು ಸಣ್ಣ ಗದ್ಯಭಾಗಗಳನ್ನು ಕೊಟ್ಟರು. ಒಂದು ಗುಂಪು ಓದಿದ್ದನ್ನೇ ಮತ್ತೆ ಓದಿತು. ಇನ್ನೊಂದು ಗುಂಪು ಓದಿದ್ದನ್ನು ಬದಿಗಿಟ್ಟು ನೆನಪಾದದ್ದನ್ನು ಬರೆಯಿತು. 5 ನಿಮಿಷ ಬಿಟ್ಟು ಪರೀಕ್ಷಿಸಿದಾಗ ಮತ್ತೆ ಓದಿದವರೇ ಮುಂದಿದ್ದರು. ಆದರೆ ಒಂದು ವಾರದ ನಂತರ ಪರೀಕ್ಷಿಸಿದಾಗ, ನೆನಪಿಸಿಕೊಂಡು ಬರೆದವರು ಮುಂದಾದರು! ಅದು ಗಣಿತದ ಪ್ರಯೋಗವಲ್ಲ, ನಿಜ. ಆದರೆ ತಾನೇ ಪ್ರಯತ್ನಿಸಿ ಪಡೆದದ್ದು ಹೆಚ್ಚು ದಿನ ಉಳಿಯುತ್ತದೆ ಎಂಬ ಮಾತು ಗಣಿತಕ್ಕೂ ಸಲ್ಲುತ್ತದೆ.

ಒಂದು ಉದಾಹರಣೆ ನೋಡೋಣ. ಎರಡು ಸಂಖ್ಯೆಗಳನ್ನು ಕೂಡಿಸಿ ವರ್ಗ ಮಾಡುವುದೂ, ಬೇರೆ ಬೇರೆಯಾಗಿ ವರ್ಗ ಮಾಡಿ ಕೂಡಿಸುವುದೂ ಒಂದೇ ಎಂದು ಪ್ರೌಢಶಾಲೆಯಲ್ಲೂ ಅನೇಕರು ತಿಳಿದಿರುತ್ತಾರೆ. 3 ಮತ್ತು 4 ತೆಗೆದುಕೊಳ್ಳಿ. ಕೂಡಿಸಿದರೆ 7, ಅದರ ವರ್ಗ 49. ಬೇರೆ ಬೇರೆ ವರ್ಗ ಮಾಡಿದರೆ 9 ಮತ್ತು 16, ಮೊತ್ತ 25. ಉಳಿದ 24 ಎಲ್ಲಿ ಹೋಯಿತು?

ನಿಮ್ಮ ಚೌಕುಳಿ ನೋಟ್‌ಬುಕ್ಕಿನಲ್ಲಿ ಉದ್ದಕ್ಕೆ 7, ಅಗಲಕ್ಕೆ 7 ಮನೆಗಳ ಒಂದು ಚೌಕ ಎಳೆಯಿರಿ. ಎರಡೂ ಕಡೆ 3 ಮನೆಗಳ ನಂತರ ಒಂದೊಂದು ಅಡ್ಡಗೆರೆ, ಉದ್ದಗೆರೆ ಹಾಕಿ. ಚೌಕ ನಾಲ್ಕು ಭಾಗವಾಯಿತು. ಒಂದರಲ್ಲಿ 9 ಮನೆ, ಇನ್ನೊಂದರಲ್ಲಿ 16 ಮನೆ. ಉಳಿದ ಎರಡು ಆಯತಗಳಲ್ಲಿ 12 ಮತ್ತು 12. ಕಳೆದುಹೋದ 24 ಸಿಕ್ಕಿತಲ್ಲವೇ? ಮುಂದೆ ಇದನ್ನೇ ನೀವು ನಿತ್ಯಸಮೀಕರಣ ಎಂಬ ಹೆಸರಿನಲ್ಲಿ ಕಲಿಯುತ್ತೀರಿ. ಕೈಯಾರೆ ಗೆರೆ ಎಳೆದು ಎಣಿಸಿದವರು ಅದನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ಹಾಗಾದರೆ ಮೊಬೈಲ್ ಬೇಡವೇ? ಖಂಡಿತ ಬೇಕು. ಪಠ್ಯಪುಸ್ತಕದಲ್ಲಿರುವ ಕ್ಯೂಆರ್ ಕೋಡನ್ನು ದೀಕ್ಷಾ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿದರೆ ಪಾಠಕ್ಕೆ ಸಂಬಂಧಿಸಿದ ವಿಡಿಯೊ, ಪ್ರಶ್ನೆಗಳು ಸಿಗುತ್ತವೆ. ಖಾನ್ ಅಕಾಡೆಮಿಯ ಗಣಿತ ಪಾಠಗಳು ಕನ್ನಡದಲ್ಲೂ ಇವೆ. ಆಸ್ಟ್ರಿಯ ದೇಶದ ಮಾರ್ಕಸ್ ಹೋಹೆನ್‌ವಾರ್ಟರ್ ವಿದ್ಯಾರ್ಥಿಯಾಗಿದ್ದಾಗ, 2001ರಲ್ಲಿ, ಆರಂಭಿಸಿದ ಜಿಯೋಜಿಬ್ರಾ ತಂತ್ರಾಂಶ ಇಂದು ಉಚಿತವಾಗಿ ದೊರೆಯುತ್ತದೆ. ಅದರಲ್ಲಿ ತ್ರಿಭುಜದ ಒಂದು ಮೂಲೆಯನ್ನು ಹಿಡಿದು ಹೇಗೆ ಎಳೆದಾಡಿದರೂ ಮೂರು ಕೋನಗಳ ಮೊತ್ತ 180 ಡಿಗ್ರಿಯೇ ಇರುವುದನ್ನು ಕಾಣಬಹುದು.

ಇವೆಲ್ಲ ಒಳ್ಳೆಯ ಸಾಧನಗಳೇ. ಆದರೆ ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಮುಖ್ಯ. ಮೊದಲು ಲೆಕ್ಕವನ್ನು ಓದಿ, ಕೊಟ್ಟಿರುವುದೇನು, ಕೇಳಿರುವುದೇನು ಎಂದು ಬರೆಯಿರಿ. ಹತ್ತು ನಿಮಿಷ ನೀವೇ ಪ್ರಯತ್ನಿಸಿ. ಎಲ್ಲಿ ನಿಂತಿತೋ ಅಲ್ಲಿ ಒಂದು ಗುರುತು ಹಾಕಿ. ಆಮೇಲೆ ವಿಡಿಯೊದಲ್ಲಿ ಆ ಜಾಗವನ್ನಷ್ಟೇ ನೋಡಿ, ಮೊಬೈಲ್ ಕೆಳಗಿಟ್ಟು ಇಡೀ ಲೆಕ್ಕವನ್ನು ಮೊದಲಿನಿಂದ ಮಾಡಿ. ಮೂರು ದಿನ ಬಿಟ್ಟು ಮತ್ತೊಮ್ಮೆ ಮಾಡಿ ನೋಡಿ.

ಈಗ ಲೆಕ್ಕದ ಫೋಟೊ ತೆಗೆದರೆ ಸಾಕು, ಹಂತಹಂತವಾಗಿ ಉತ್ತರ ಕೊಡುವ ಆ್ಯಪ್‌ಗಳೂ ಬಂದಿವೆ. ನೀವು ಬಿಡಿಸಿದ ಮೇಲೆ ತಾಳೆ ನೋಡಲು ಅವನ್ನು ಬಳಸಿ. ಅವುಗಳಿಂದ ನಕಲು ಮಾಡಿದರೆ ನೋಟ್‌ಬುಕ್ ತುಂಬುತ್ತದೆ, ತಲೆ ಖಾಲಿಯಾಗಿಯೇ ಉಳಿಯುತ್ತದೆ. ಅವೂ ಕೆಲವೊಮ್ಮೆ ತಪ್ಪುತ್ತವೆ ಎಂಬುದು ನೆನಪಿರಲಿ.

ಹಲವು ಮನೆಗಳಲ್ಲಿ ಇರುವ ಒಂದೇ ಮೊಬೈಲ್ ಅಪ್ಪನ ಅಥವಾ ಅಮ್ಮನ ಜೊತೆ ಕೆಲಸಕ್ಕೆ ಹೋಗಿ ರಾತ್ರಿ ಮರಳುತ್ತದೆ. ಅಂಥ ಮನೆಯ ಮಕ್ಕಳು ಹಿಂದೆ ಬೀಳಬೇಕಾಗಿಲ್ಲ. ಮೇಲಿನ ಕ್ರಮದಲ್ಲಿ ಮೊಬೈಲ್ ಬೇಕಾಗುವುದು ಕೆಲವೇ ನಿಮಿಷ. ಅದೂ ಸಿಗದಿದ್ದರೆ ಗುರುತು ಹಾಕಿದ ಜಾಗವನ್ನು ಮರುದಿನ ಶಿಕ್ಷಕರಿಗೋ ಗೆಳೆಯರಿಗೋ ತೋರಿಸಿ. ‘ಲೆಕ್ಕ ಬರಲಿಲ್ಲ’ ಎನ್ನುವುದಕ್ಕಿಂತ ‘ಈ ಸಾಲಿನಿಂದ ಮುಂದೆ ತಿಳಿಯಲಿಲ್ಲ’ ಎಂದು ಕೇಳುವವರಿಗೆ ಉತ್ತರ ಬೇಗ ಸಿಗುತ್ತದೆ.

ಅಂದಹಾಗೆ, 102ರ ವರ್ಗ ಎಷ್ಟು? 100 ಮತ್ತು 2 ಎಂದು ಭಾಗ ಮಾಡಿ, ಮೇಲಿನಂತೆ ಒಂದು ಚೌಕ ಎಳೆದು ಕಂಡುಹಿಡಿಯಿರಿ. ಉತ್ತರವನ್ನು ಇಲ್ಲಿ ಕೊಟ್ಟಿಲ್ಲ. ಸರಿಯೋ ತಪ್ಪೋ ಎಂದು ಗುಣಿಸಿ ನೀವೇ ತಾಳೆ ನೋಡಿ.